ಮೌಸ್ ಮುಟ್ಟದ ಟೀಚರ್

ಎರಡು ಸಾವಿರದ ಇಸವಿ ಕಳೆದು ಕೆಲವೇ ವರ್ಷಗಳಾಗಿದ್ದವು. ನಾನಾಗ ಕಲ್ಪೆಟ್ಟದ ಒಂದು ಬಿ.ಎಡ್. ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ವಿಭಾಗದ ಉಪನ್ಯಾಸಕಿ. ವಯನಾಡು ಹೊಸ ಜಿಲ್ಲೆಯಾದಾಗ ಎರಡು ಜಡೆ ಹಾಕಿಕೊಂಡು ಹೈಸ್ಕೂಲಿಗೆ ಹೋಗುತ್ತಿದ್ದವಳು, ಈಗ ಅದೇ ಜಿಲ್ಲೆಯ ಶಾಲೆಗಳಿಗೆ ಕಂಪ್ಯೂಟರ್ ಕಲಿಸುವವರನ್ನು ತಯಾರು ಮಾಡುತ್ತಿದ್ದೆ. ಪಾಠವೆಲ್ಲ ಮಲಯಾಳಂನಲ್ಲಿ. ಸಿಟ್ಟು ಬಂದರೆ ಮಾತ್ರ ಮನೆಯ ಕನ್ನಡ ಬಾಯಿಗೆ ಬರುತ್ತಿತ್ತು. ಸಿಟ್ಟು ನನಗೆ ಬೇಗ ಬರುತ್ತದೆ. ಆ ಬೈಗುಳ ಪೂರ್ತಿ ಅರ್ಥವಾಗುತ್ತಿದ್ದದ್ದು ವಯನಾಡಿನದೇ ಬೇಗೂರಿನ ಕಡೆಯಿಂದ ಬರುತ್ತಿದ್ದ ವಿದ್ಯಾರ್ಥಿನಿ ಮಂಜುಳಾ ಒಬ್ಬಳಿಗೇ. ಅವಳ ಮನೆಯವರು ಎಂದೋ ಕರ್ನಾಟಕದಿಂದ ಬಂದು ನೆಲೆಸಿದ ಬೇಸಾಯಗಾರರು.

ಪ್ರೋಗ್ರಾಮ್ ಬರೆಯುವುದರಲ್ಲಿ ಮಂಜುಳಾ ಭಾರೀ ಚುರುಕು. ತೊಂದರೆ ಇದ್ದದ್ದೂ ಅಲ್ಲೇ. ಅಭ್ಯಾಸ ಪಾಠಕ್ಕೆಂದು ನಮ್ಮ ಲ್ಯಾಬಿಗೆ ಕರೆತರುತ್ತಿದ್ದ ಶಾಲೆಯ ಮಕ್ಕಳಲ್ಲಿ ಯಾವ ಮಗು ಎಡವಿದರೂ ಇವಳ ಕೈ ಮೌಸಿನ ಮೇಲಿರುತ್ತಿತ್ತು. ಟಕಟಕ ಎಂದು ನಾಲ್ಕು ಕೀ ಒತ್ತಿ, "ಸರಿಯಾಯ್ತು ನೋಡು" ಎಂದು ಮುಂದಿನ ಮಗುವಿನ ಕಡೆ ಹೋಗಿಬಿಡುತ್ತಿದ್ದಳು. ಆ ಮಗುವಿಗೆ ಏನು ತಿಳಿಯಿತು? ಮಣ್ಣು! ಹಿಂದಿನ ವರ್ಷ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ, ಅಂದರೆ ಪರೀಕ್ಷಕರ ಎದುರು ನಿಜವಾದ ತರಗತಿಗೆ ಪಾಠ ಮಾಡಬೇಕಾದ ಪರೀಕ್ಷೆಯಲ್ಲಿ, ಇದೇ ಕಾರಣಕ್ಕೆ ಫೇಲಾಗಿದ್ದಳು. ಈ ಸಲ ಪಾಸಾದರೆ ಜೂನ್‌ನಿಂದ ಒಂದು ಶಾಲೆಯಲ್ಲಿ ಕೆಲಸ ಸಿಗುವುದಿತ್ತು. ಫೇಲಾದರೆ ಓದಿದ್ದು ಸಾಕು, ಮನೆಯಲ್ಲಿರು ಎಂದು ಅವಳ ಅಪ್ಪ ಹೇಳಿಬಿಟ್ಟಿದ್ದರು.

"ಯಾಕೆ ಮಾರಾಯ್ತಿ ಮುಟ್ತೀಯ? ಹೇಳಿ ಹೇಳಿ ಸಾಕಾಯ್ತು ನಂಗೆ!" ಎಂದು ಒಂದು ದಿನ ಗದರಿದೆ.

"ಏನ್ ಮಾಡ್ಲಿ ಟೀಚರೇ, ಬೇಡ ಅಂದ್ರೂ ಕೈ ತಾನಾಗೇ ಓಡೋಯ್ತದೆ," ಎಂದು ಕಣ್ಣು ತುಂಬಿಕೊಂಡಳು.

ಬಾಗಿಲ ಬಳಿ ಅವಳ ಕೊಡೆ ಒರಗಿತ್ತು. ಅದನ್ನೇ ತಂದು ಕೊಟ್ಟೆ. "ತಗೋ. ಎರಡೂ ಕೈಯಲ್ಲಿ ಬೆನ್ನ ಹಿಂದೆ ಹಿಡ್ಕೋ. ಕೊಡೆ ಬಿದ್ರೆ ನೀನು ಫೇಲು."

ಅಂದಿನಿಂದ ನಮ್ಮ ಲ್ಯಾಬಿನಲ್ಲಿ ದಿನಕ್ಕೆಷ್ಟು ಸಲ ಕೊಡೆ ಬಿತ್ತೋ ದೇವರೇ ಬಲ್ಲ. ಉಳಿದ ವಿದ್ಯಾರ್ಥಿಗಳು ಅವಳನ್ನು ಕಂಡರೆ ಸಾಕು, "ಮಳೆ ಬಂತಾ ಮಂಜುಳಾ?" ಎಂದು ರೇಗಿಸುತ್ತಿದ್ದರು. ನಿಧಾನವಾಗಿ ಬೀಳುವುದು ಕಡಿಮೆಯಾಯಿತು.

ಪರೀಕ್ಷೆ ನಡೆದದ್ದು ಮೀನಂಗಡಿ ಹತ್ತಿರದ ಒಂದು ಶಾಲೆಯಲ್ಲಿ. ಕೋಝಿಕ್ಕೋಡಿನಿಂದ ಘಾಟಿ ಹತ್ತಿ ಬಂದ ಪರೀಕ್ಷಕರು ಹಿರಿಯರು, ನಗು ಕಡಿಮೆ. ಬಿಸಿಲು ಸುರಿಯುವಾಗ ಲ್ಯಾಬಿನೊಳಗೆ ಕೊಡೆ ಹಿಡಿದು ನಿಂತವಳನ್ನು ಮೇಲಿಂದ ಕೆಳಗೆ ನೋಡಿದರು, ಏನೂ ಕೇಳಲಿಲ್ಲ. ಪಾಠ ಲೂಪ್. ಒಂದೇ ಕೆಲಸವನ್ನು ಕಂಪ್ಯೂಟರ್ ಮತ್ತೆ ಮತ್ತೆ ಮಾಡುವಂತೆ ಬರೆಯುವ ಆಜ್ಞೆ ಅದು. ಒಂದರಿಂದ ಹತ್ತರವರೆಗೆ ಅಂಕಿಗಳು ಪರದೆಯ ಮೇಲೆ ಬರಬೇಕಿತ್ತು.

ಎದುರು ಸಾಲಿನಲ್ಲಿ ಫಾತಿಮಾ ಎಂಬ ಹುಡುಗಿ ಕೀ ಒತ್ತಿದಳು ನೋಡಿ, ಪರದೆಯ ತುಂಬ ಅಂಕಿಗಳು ಧೋ ಎಂದು ಸುರಿಯತೊಡಗಿದವು. ನಿಲ್ಲುವ ಲಕ್ಷಣವೇ ಇಲ್ಲ. "ಅಯ್ಯೋ, ಕೆಟ್ಟೋಯ್ತು ಟೀಚರ್!" ಎಂದು ಹುಡುಗಿ ಅಳುವಂತಾದಳು. ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ನಾನು ಮಂಜುಳಾಳ ಕೈಗಳನ್ನೇ ನೋಡುತ್ತಿದ್ದೆ. ಕೊಡೆಯ ಮೇಲಿನ ಬೆರಳುಗಳು ಸಡಿಲವಾಗುತ್ತಿದ್ದವು. ಮುಗಿಯಿತು ಇವಳ ಕಥೆ ಅಂದುಕೊಂಡೆ.

ಆದರೆ ಓಡಿದ್ದು ಅವಳ ಕೈಯಲ್ಲ. ಪಕ್ಕದಲ್ಲೇ ನಿಂತಿದ್ದ ಪರೀಕ್ಷಕರು ತಡೆಯಲಾರದೆ ಬಗ್ಗಿ ಕೀಬೋರ್ಡಿಗೆ ಕೈ ಚಾಚಿದರು.

"ಸಾರ್, ಮುಟ್ಟಬೇಡಿ," ಎಂದಳು ಮಂಜುಳಾ. "ಅವಳೇ ಮಾಡ್ಲಿ."

ಮಾರ್ಕು ಕೊಡುವವರಿಗೇ ಹೀಗೆ ಹೇಳುವುದುಂಟೇ! ಪರೀಕ್ಷಕರು ಅವಳ ಮುಖ ನೋಡಿ ಮೆಲ್ಲನೆ ಕೈ ಹಿಂದಕ್ಕೆ ತೆಗೆದುಕೊಂಡರು.

"ಏನೂ ಕೆಟ್ಟಿಲ್ಲ ಫಾತಿಮಾ," ಎಂದಳು ಮಂಜುಳಾ. "ಪರದೆ ಮೇಲೆ ಏನು ಬರ್ತಾ ಇದೆ, ಓದು."

"ಒಂದು... ಒಂದು... ಒಂದು..."

"ಎರಡು ಯಾಕೆ ಬರ್ತಿಲ್ಲ?"

ಮಂಜುಳಾ ಮತ್ತೆ ಬಾಯಿ ಬಿಡಲಿಲ್ಲ. ಫಾತಿಮಾ ತಾನು ಬರೆದದ್ದನ್ನು ಬೆರಳಿಟ್ಟು ಓದುತ್ತಾ ಹೋದಳು, ಮತ್ತೆ ಮೇಲಿನಿಂದ ಓದಿದಳು. ತಟ್ಟನೆ, "ಒಂದನ್ನು ಕೂಡಿಸೋಕೇ ಹೇಳಿಲ್ಲ ನಾನು!" ಎಂದು ಕೂಗಿದಳು. ಪ್ರೋಗ್ರಾಮ್ ನಿಲ್ಲಿಸಿ, ಬಿಟ್ಟುಹೋದ ಸಾಲನ್ನು ತಾನೇ ಸೇರಿಸಿದಳು. ಹತ್ತು ಅಂಕಿ ಸಾಲಾಗಿ ಬಂದು ನಿಂತವು. ಪಕ್ಕದ ಹುಡುಗಿಯರು ಚಪ್ಪಾಳೆ ತಟ್ಟಿದರು.

ಆಮೇಲೆ ಸ್ಟಾಫ್ ರೂಮಿನಲ್ಲಿ ಪರೀಕ್ಷಕರು ಕಟ್ಟನ್ ಚಾಯ, ಅಂದರೆ ಹಾಲಿಲ್ಲದ ಚಹಾ, ಕುಡಿಯುತ್ತಾ ಕುಳಿತರು. ನಾನು ಎದುರಿಗೆ ಮುಳ್ಳಿನ ಮೇಲೆ ಕುಳಿತ ಹಾಗೆ ಕುಳಿತಿದ್ದೆ. ಕೊನೆಗೆ, "ಆ ಕೊಡೆ ಯಾಕೆ?" ಎಂದರು. ಹೇಳಿದೆ. ಮೊದಲ ಸಲ ಅವರ ಮುಖದಲ್ಲಿ ನಗು ಕಂಡಿತು.

"ನನಗೂ ಒಂದು ಬೇಕಿತ್ತು ಟೀಚರ್. ಅವಳು ಪಾಸು."

ಹೊರಗೆ ಬಂದು ಹೇಳಿದಾಗ ಮಂಜುಳಾ ಕೊಡೆ ಬಿಸಾಡಿ ನನ್ನನ್ನು ತಬ್ಬಿಕೊಂಡು ಗೊಳೋ ಎಂದು ಅತ್ತಳು. ಬೈಯಲು ಬಾಯಿ ತೆರೆದೆ, ನನಗೂ ಅಳು ಬಂತು. ಎದೆಯ ಮೇಲಿನ ಕಲ್ಲು ಇಳಿದ ಹಾಗಾಗಿತ್ತು.

ನಮ್ಮ ವಿಷಯದಲ್ಲಿ ಕಲಿಸುವವರ ಕೈ ಯಾವಾಗಲೂ ಕಲಿಯುವವರ ಕೈಗಿಂತ ಚುರುಕು. ಆ ಚುರುಕನ್ನು ತಡೆದು ನಿಲ್ಲುವುದೇ ಶಿಕ್ಷಕರಿಗೆ ಕಲಿಸಬೇಕಾದ ಕಷ್ಟದ ಪಾಠ ಎಂದು ನನಗೆ ಮನದಟ್ಟಾದದ್ದು ಆ ದಿನ.

ಮೊನ್ನೆ ನನ್ನ ಹೊಸ ಫೋನು ಹಟ ಹಿಡಿದು ಕುಳಿತಿತ್ತು. ಮಂಜುಳಾ ಮನೆಗೆ ಬಂದಿದ್ದಳು. ಅವಳೀಗ ತನ್ನ ಶಾಲೆಯ ಹಿರಿಯ ಟೀಚರ್. "ಇದನ್ನೊಂದು ಸರಿ ಮಾಡಿ ಕೊಡೇ" ಎಂದು ಫೋನು ಮುಂದೆ ಹಿಡಿದೆ. ಅವಳು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಳು.

"ಪರದೆ ಮೇಲೆ ಏನು ಬರ್ತಾ ಇದೆ, ಓದಿ ಟೀಚರೇ."