ಮೂರು ಬೆರಳಿನ ತುಕ್ಕು

ನಿನ್ನೆ ಬೆಳಿಗ್ಗೆ ಎದುರುಮನೆಯ ಗೇಟಿಗೆ ಬಣ್ಣ ಹೊಡೆಯಲು ಯಾರೋ ಬಂದಿದ್ದರು. ಥಿನ್ನರ್ ವಾಸನೆ ನಮ್ಮ ಅಡುಗೆಮನೆಯವರೆಗೂ ಬಂತು. ಹೊರಗೆ ಬಂದು ನೋಡಿದರೆ ಆ ಪುಣ್ಯಾತ್ಮ ತುಕ್ಕಿನ ಮೇಲೇ ಬ್ರಷ್ ಎಳೆಯುತ್ತಿದ್ದ. ನನಗೆ ಮೈ ಉರಿದುಹೋಯಿತು. ಊರವರ ಗೇಟಿನ ಉಸಾಬರಿ ನನಗ್ಯಾಕೆ ಎಂದುಕೊಂಡು ಒಳಗೆ ಬಂದೆ. ನಮ್ಮ ಮೇಸ್ತ್ರಿ ಇದ್ದಿದ್ದರೆ ಅವನ ಕೈಯಿಂದ ಬ್ರಷ್ ಕಿತ್ತುಕೊಂಡೇ ಮಾತಾಡುತ್ತಿದ್ದರು...

ಸತ್ಯಮಂಗಲದ ಒಂದು ಶೆಡ್ಡಿನಲ್ಲಿ ಅವರು ಗಾಡಿಗಳಿಗೆ ಬಣ್ಣ ಹೊಡೆಯುವ ಮೇಸ್ತ್ರಿಯಾಗಿದ್ದರು. ನಾನು ಅಲ್ಲಿಗೆ ಕಸ ಗುಡಿಸಲು ಸೇರಿದವಳು. ಆಗಲೇ ಮೂವತ್ತು ದಾಟಿತ್ತು. ಗುಡಿಸುವುದಕ್ಕಿಂತ ನಿಂತು ನೋಡುವುದೇ ಹೆಚ್ಚು. ಅದನ್ನು ಕಂಡು ಒಂದು ದಿನ ಅವರೇ ನನ್ನ ಕೈಗೆ ಉಪ್ಪುಕಾಗದ ಕೊಟ್ಟರು.

“ಹೆಂಗಸ್ರ ಕೈಲಿ ಆಗೋ ಕೆಲ್ಸವಾ ಮೇಸ್ತ್ರಿ ಇದು?” ಎಂದು ಜೊತೆಯವರು ನಕ್ಕರು. ಮೇಸ್ತ್ರಿ ಇನ್ನೊಂದು ಉಪ್ಪುಕಾಗದ ನನ್ನ ಕೈಗಿಟ್ಟರು. ಎರಡು ವರ್ಷ ನನ್ನಿಂದ ಉಜ್ಜಿಸಿದರು, ಅಷ್ಟೇ.

ಆಮೇಲೆ ಕುಣಿಗಲ್ಲಿನಿಂದ ದೋಣಿ ಸಾಗಿಸುವ ಟ್ರೇಲರ್ ಒಂದು ಬಂತು. ಕೆರೆಯಲ್ಲಿ ದೋಣಿ ಬಿಡುವವರೊಬ್ಬರದು. ದೋಣಿ ಏರಿಸಿಕೊಳ್ಳಲು ಅದನ್ನು ಪ್ರತಿ ಸಲ ನೀರಿಗೇ ಇಳಿಸಬೇಕು, ಇನ್ನು ಕಬ್ಬಿಣ ಉಳಿದೀತೇ? ಹಸಿರು ಬಣ್ಣದ ಕೆಳಗೆ ನೀಲಿ, ನೀಲಿಯ ಕೆಳಗೆ ಕೆಂಪು, ಅದರ ಕೆಳಗೆ ಹಕ್ಕಳೆ ಹಕ್ಕಳೆಯಾಗಿ ಏಳುವ ತುಕ್ಕು.

“ಇದು ಪೂರ್ತಾ ನಿಂದೇ ಕಣಮ್ಮ,” ಎಂದರು ಮೇಸ್ತ್ರಿ. “ಚೆನ್ನಾಗ್ ಬಂದ್ರೆ ಇನ್ಮೇಲೆ ನೀನೂ ಪೈಂಟರ್ರು. ಬರ್ನಿಲ್ವಾ, ಪೊರಕೆ ಅಲ್ಲೇ ಐತೆ.”

ಆರು ದಿನ ಕೆರೆದೆ. ಮೂಗಿನೊಳಗೆಲ್ಲ ಕೆಂಪು ಪುಡಿ, ಊಟಕ್ಕೆ ಕೂತರೆ ಅನ್ನಕ್ಕೂ ತುಕ್ಕಿನ ರುಚಿ. ಆರನೆಯ ಸಂಜೆ ಇಡೀ ಟ್ರೇಲರ್ ಬೆಳ್ಳಗೆ ಹೊಳೆಯಿತು. ಆಹಾ, ಆಗಿನ ನನ್ನ ಜಂಬ ನೋಡಬೇಕಿತ್ತು! ಒಳ್ಳೆಯದಾಗಲಿ ಎಂದು ವಿಭೂತಿ ಗಟ್ಟಿಯನ್ನು ನೀರಿನಲ್ಲಿ ನೆನೆಸಿ, ಮುಂದಿನ ಕಂಬಿಗೆ ಮೂರು ಬೆರಳಲ್ಲಿ ಎಳೆದು, ಕೈಮುಗಿದು ಮನೆಗೆ ಹೋದೆ.

ಮಾರನೆಯ ದಿನ ಮೇಸ್ತ್ರಿ ಮದುವೆಗೆಂದು ಗುಬ್ಬಿಗೆ ಹೋಗಿದ್ದರು. ನಾನು ಬಣ್ಣಕ್ಕೆ ಮೊದಲು ಬಳಿಯುವ ಪ್ರೈಮರ್ ಹೊಡೆಯಲು ವಿಭೂತಿ ಒರೆಸಿದೆ. ಅದರಡಿಯಲ್ಲಿ ಕಂದು ಬಣ್ಣದ ಮೂರು ಗೆರೆ, ಥೇಟ್ ನನ್ನ ಬೆರಳುಗಳೇ. ಬರೀ ಕಬ್ಬಿಣಕ್ಕೆ ಒದ್ದೆ ಕೈ ತಾಗಿಸಬಾರದು ಎಂದು ಅವರು ಮೊದಲ ದಿನವೇ ಹೇಳಿದ್ದರು. ವಿಭೂತಿಯೂ ಒದ್ದೆಯೇ ಎಂಬುದು ನನಗೆ ಹೊಳೆದಿರಲಿಲ್ಲ.

ಸುತ್ತ ನೋಡಿದೆ. ಯಾರೂ ಗಮನಿಸಿರಲಿಲ್ಲ. ಸರಸರನೆ ಮೇಲೆ ಪ್ರೈಮರ್ ಬಳಿದುಬಿಟ್ಟೆ.

ಮಧ್ಯಾಹ್ನ ಮೇಸ್ತ್ರಿ ಮದುವೆಮನೆಯಿಂದ ಎಲ್ಲರಿಗೂ ಮೈಸೂರು ಪಾಕು ತಂದರು. ನನ್ನ ಪಾಲನ್ನು ಕಾಗದದಲ್ಲಿ ಸುತ್ತಿ ಪಕ್ಕಕ್ಕಿಟ್ಟೆ. ಅವರು ಟ್ರೇಲರ್ ನೋಡಿ ಭೇಷ್ ಎನ್ನುವಷ್ಟರಲ್ಲಿ ಎಲ್ಲವನ್ನೂ ಹೇಳಿಬಿಟ್ಟೆ. ಅವರ ಹಣೆಯ ಮೇಲೂ ದಪ್ಪಗೆ ವಿಭೂತಿ ಇತ್ತು. ಬೈಯುತ್ತಾರೆ ಎಂದು ತಲೆ ತಗ್ಗಿಸಿದರೆ, ಹೊಟ್ಟೆ ಹಿಡಿದುಕೊಂಡು ನಕ್ಕರು.

“ಬರೀ ಬೂದಿ ಸಾಲ್ದು ಅಂತ ಗಂಗೇನೂ ಕರ್ಕೊಂಡ್ ಬಂದ್ಯಾ ತಾಯಿ?” ಆಮೇಲೆ ನಗು ನಿಲ್ಲಿಸಿ ಕೇಳಿದರು, “ಈಗೇನ್ ಮಾಡ್ತೀಯ?”

“ಪೂರ್ತಿ ಕೆರಿತೀನಿ ಮೇಸ್ತ್ರಿ. ಒದ್ದೆ ಕೈ ಇನ್ನೆಲ್ಲೆಲ್ಲಿ ತಾಗ್ಸಿದೀನೋ ಗೊತ್ತಿಲ್ಲ.”

ಅವರು ಅಂಗಿ ಬಿಚ್ಚಿಟ್ಟು, ಇನ್ನೊಂದು ತುದಿಯಿಂದ ತಾವೂ ಕೆರೆಯಲು ಕೂತರು.

ಮರುದಿನ ಟ್ರೇಲರ್ ಒಯ್ಯಲು ಬಂದ ಯಜಮಾನರು ಅದು ಮತ್ತೆ ಬೋಳಾಗಿ ನಿಂತಿದ್ದನ್ನು ಕಂಡು ಕೂಗಾಡಿದರು. ಅಷ್ಟು ಚಿಕ್ಕ ತುಕ್ಕು ಬಣ್ಣದ ಕೆಳಗೆ ಯಾರಿಗೆ ಕಾಣುತ್ತಿತ್ತು ಎಂಬುದು ಅವರ ವಾದ. ಮೇಸ್ತ್ರಿ ತಾಳ್ಮೆಯಿಂದ ಎಲ್ಲವನ್ನೂ ಕೇಳಿಸಿಕೊಂಡರು.

“ನಮ್ ಪೈಂಟರ್ರು ಒಪ್ತಿಲ್ಲ ಸಾರ್. ಅವ್ರು ಕೊಡಲ್ಲ ಅಂದ್ಮೇಲೆ ನಾನೇನ್ ಮಾಡಕಾಯ್ತದೆ?”

ಶೆಡ್ಡಿನಲ್ಲಿ ಎಲ್ಲರ ಕೈ ನಿಂತಿತು. ಅವರು ‘ಅವ್ರು’ ಎಂದದ್ದು ನನ್ನನ್ನು. ಆ ಮಾತು ನೆನೆದರೆ ಇವತ್ತಿಗೂ ನನ್ನ ಎದೆ ಉಬ್ಬುತ್ತದೆ, ಅದನ್ನು ಮುಚ್ಚಿಡುವ ಅಗತ್ಯ ನನಗಿಲ್ಲ.

ಮೇಸ್ತ್ರಿ ತೀರಿಕೊಂಡು ಎರಡು ವರ್ಷವಾಯಿತು. ಅವರ ಊರು ಕೋರದಲ್ಲಿ, ಅವರ ಹೊಲದಲ್ಲೇ ಮಣ್ಣು ಮಾಡಿದರು. ನಾನೂ ಒಂದು ಹಿಡಿ ಮಣ್ಣು ಹಾಕಿ ಬಂದೆ. ಈಗ ಅದೇ ಶೆಡ್ಡಿನಲ್ಲಿ ನನ್ನ ಕೈಕೆಳಗೆ ನಾಲ್ವರು ಕೆಲಸ ಮಾಡುತ್ತಾರೆ, ಇಬ್ಬರು ಹೆಂಗಸರು.

ಹೋದ ತಿಂಗಳು, ಅವರಲ್ಲಿ ಹೊಸದಾಗಿ ಸೇರಿದವಳು “ಮೇಸ್ತ್ರೀ...” ಎಂದು ಕೂಗಿದಳು. ಅವರೇ ಬಂದರೇನೋ ಎಂದು ನಾನು ತಟ್ಟನೆ ಬಾಗಿಲ ಕಡೆ ನೋಡಿದೆ.

“ಅಲ್ಲೇನ್ ನೋಡ್ತೀಯಕ್ಕ,” ಎಂದಳು ಅವಳು. “ನಿನ್ನೇ ಕರ್ದಿದ್ದು.”