ಪ್ಲಾಸ್ಮಾದ ಬಣ್ಣ

ಕಲೂರಿನ ಬ್ಲಡ್ ಬ್ಯಾಂಕಿನಲ್ಲಿ ನಮಗೆ ಪಾಠ ಹೇಳುತ್ತಿದ್ದ ಮೇಡಂ ಕಾಸರಗೋಡಿನವರು. ರಕ್ತದಿಂದ ಬೇರ್ಪಡಿಸಿದ ಪ್ಲಾಸ್ಮಾದ ಚೀಲವನ್ನು ಕಿಟಕಿಯ ಬೆಳಕಿಗೆ ಹಿಡಿದು, ಕನ್ನಡಕವನ್ನು ಹಣೆಗೇರಿಸಿ, "ಎಂತ ತಿಂದದ್ದು ಇವರು?" ಎನ್ನುತ್ತಿದ್ದರು. ಹಾಲಿನಂತೆ ಬೆಳ್ಳಗಿದ್ದರೆ ಪೊರೋಟ, ಬೀಫ್ ಫ್ರೈ ಹೊಡೆದು ಬಂದವರು. ಕಿತ್ತಳೆ ಬಣ್ಣವಿದ್ದರೆ ಕ್ಯಾರೆಟ್ ಜ್ಯೂಸಿನ ಹುಚ್ಚಿನವರು. ಬಣ್ಣಕ್ಕೂ ಊಟಕ್ಕೂ ಇರುವ ನಂಟಿನ ಮೇಲೇ ಅವರ ಸಂಶೋಧನೆ. ದಾನಿಗಳಲ್ಲಿ ಒಬ್ಬರನ್ನೂ ಕೇಳದೆ ಬಿಟ್ಟವರಲ್ಲ. ಗರ್ಭನಿರೋಧಕ ಮಾತ್ರೆ ನುಂಗುವವರ ಪ್ಲಾಸ್ಮಾ ಹಸಿರಾಗುವುದುಂಟು ಎಂದು ಹೇಳಿಕೊಟ್ಟವರೂ ಅವರೇ.

ಒಂದು ಬೆಳಿಗ್ಗೆ, ಡೆಂಗಿ ಬಂದ ಮಾವನಿಗೆ ಪ್ಲೇಟ್‌ಲೆಟ್ ಕೊಡಲು ಸೊಸೆಯೊಬ್ಬಳು ಯಂತ್ರದ ಪಕ್ಕ ಮಲಗಿದ್ದಳು. ಅವಳ ಅತ್ತೆ ಬಳಿಯಲ್ಲೇ ಕುಳಿತು, ಮದುವೆಯಾಗಿ ಇಷ್ಟು ವರ್ಷವಾದರೂ ಮಗುವಿಲ್ಲ, ಹೊರದ ಹರಕೆಯಿಲ್ಲ ಎಂದು ನನ್ನಲ್ಲಿ ಹೇಳಿಕೊಳ್ಳುತ್ತಿದ್ದರು. ಅಷ್ಟರಲ್ಲಿ ಪ್ಲಾಸ್ಮಾದೊಡನೆ ಪ್ಲೇಟ್‌ಲೆಟ್ ಇಳಿಯುವ ಚೀಲ ತುಂಬತೊಡಗಿತು. ಅದರ ಬಣ್ಣ ಹಸಿರು.

"ಇದೇನು ಡಾಕ್ಟರೇ, ಹಸಿರು? ಇವಳಿಗೇನಾದರೂ ಕಾಯಿಲೆಯಾ?" ಅತ್ತೆ ಎದ್ದು ನಿಂತರು.

ಒತ್ತುತ್ತಿರಲೆಂದು ಸೊಸೆಗೆ ಕೊಟ್ಟಿದ್ದ ರಬ್ಬರ್ ಚೆಂಡು ಅವಳ ಮುಷ್ಟಿಯಲ್ಲಿ ಸ್ತಬ್ಧವಾಯಿತು. ಮೇಡಂ ಕನ್ನಡಕ ಹಣೆಗೇರಿಸಿ ಚೀಲ ನೋಡಿದರು. ಆಮೇಲೆ ಅವಳ ಮುಖ ನೋಡಿದರು.

"ಕಾಯಿಲೆ ಎಂತದೂ ಇಲ್ಲ ಅಮ್ಮಚ್ಚೀ. ಕೆಲವರದ್ದು ಹೀಗೇ ಇರ್ತದೆ, ಧಾರಾಳ ಕೊಡಬಹುದು" ಎಂದು ಮಲಯಾಳದಲ್ಲಿ ಹೇಳಿ, ಕುರ್ಚಿಯನ್ನು ಅತ್ತೆಯ ಕಡೆಗೆ ಎಳೆದುಕೊಂಡು ಕುಳಿತರು. "ಅದಿರಲಿ, ಬೆಳಿಗ್ಗೆ ನೀವು ಎಂತ ತಿಂದದ್ದು?"

ಅತ್ತೆ ಪುಟ್ಟು, ಕಡಲೆ ಕರಿಯಿಂದ ಶುರು ಮಾಡಿದರು. ಸೊಸೆಯ ಬೆರಳುಗಳು ಚೆಂಡನ್ನು ಮತ್ತೆ ಮೆಲ್ಲಗೆ ಒತ್ತತೊಡಗಿದವು.