ಅಳಿಯ ಬ್ಯಾಟ್ ಹಿಡಿದು ಓಡಿದ ಭಾನುವಾರ

2020ರ ಫೆಬ್ರವರಿಯಲ್ಲಿ ಮಗಳ ಬಾಣಂತನಕ್ಕೆಂದು ನಾನು ಐರ್ಲೆಂಡಿನ ಗಾಲ್ವೇಗೆ ಹೋದೆ. ಮೂರು ತಿಂಗಳಿದ್ದು, ಮಾವಿನಹಣ್ಣಿನ ಕಾಲಕ್ಕೆ ಸರಿಯಾಗಿ ಮೈಸೂರಿಗೆ ವಾಪಸಾಗಲು ಟಿಕೆಟ್ಟೂ ಆಗಿತ್ತು. ಮೊಮ್ಮಗಳು ಹುಟ್ಟಿ ಇನ್ನೂ ಹೆಸರಿಟ್ಟಿರಲಿಲ್ಲ, ಅಷ್ಟರಲ್ಲಿ ಕೊರೊನಾ ಬಂದು ಊರೆಲ್ಲ ಬಂದ್ ಆಯಿತು. ವಿಮಾನವೂ ಇಲ್ಲ, ಮಾವಿನಹಣ್ಣೂ ಇಲ್ಲ. ಹಾಗೆ ಅಲ್ಲಿ ಸಿಕ್ಕಿಹಾಕಿಕೊಂಡ ನಾನು ಅರವತ್ತು ದಾಟಿದ ಮೇಲೆ ಒಂದು ಬೇಸ್‌ಬಾಲ್ ತಂಡದ ಕಟ್ಟಾ ಅಭಿಮಾನಿಯಾಗಿಬಿಟ್ಟೆ. ನಗಬೇಡಿ, ಈಗಲೂ ಹಾಗೇ ಇದ್ದೇನೆ.

ನಾನು ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್ ಆಗಿದ್ದವಳು. ಖೋಖೋ, ಥ್ರೋಬಾಲ್ ಕಲಿಸಿ, ಹುಡುಗಿಯರನ್ನು ಕೂಗಿ ಕೂಗಿ ನನ್ನ ಗಂಟಲು ಒಂದು ಹದಕ್ಕೆ ಬಂದಿದೆ. ಮೈದಾನದ ಈ ತುದಿಯಲ್ಲಿ ನಿಂತು ಕರೆದರೆ ಆ ತುದಿಯವರು ತಿರುಗಲೇಬೇಕು. ಸುಮ್ಮನೆ ಕೂರುವುದು ನನ್ನ ಜಾಯಮಾನವಲ್ಲ. ಅಂಥವಳನ್ನು ಸರ್ಕಾರ ಮನೆಯಿಂದ ಎರಡು ಕಿಲೋಮೀಟರ್ ಆಚೆ ಹೋಗಬೇಡಿ ಎಂದು ಕೂರಿಸಿದರೆ ಹೇಗಾಗಬೇಡ!

ಆದರೆ ಮನೆಯಲ್ಲಿದ್ದ ನಿಜವಾದ ಸಂಕಟ ಬೇರೆಯೇ ಇತ್ತು. ನನ್ನ ಅಳಿಯ ಗಿರೀಶ ಅಲ್ಲಿನ ಒಂದು ಆಸ್ಪತ್ರೆಯಲ್ಲಿ ಡಾಕ್ಟರ್. ಕೋವಿಡ್ ವಾರ್ಡಿಗೆ ಹಾಕಿದ ದಿನದಿಂದ ಅವರು ಮಹಡಿಯ ಪುಟ್ಟ ರೂಮು ಸೇರಿಕೊಂಡರು. ಊಟದ ತಟ್ಟೆ ಬಾಗಿಲ ಹೊರಗೆ, ಮಾತೆಲ್ಲ ಬಾಗಿಲ ಒಳಗಿನಿಂದ. ಮಗುವನ್ನು ಮೆಟ್ಟಿಲ ಮೇಲೆ ನಿಂತು ನೋಡುವುದು, ಅಷ್ಟೆ. ಬೇಸಿಗೆಗೆ ಕೇಸು ಇಳಿದವು, ಅವರನ್ನು ಬೇರೆ ವಾರ್ಡಿಗೆ ಹಾಕಿದರು, ಟೆಸ್ಟ್ ಮೇಲೆ ಟೆಸ್ಟ್ ಮಾಡಿ ಏನೂ ಇಲ್ಲ ಎಂದರು. ಊಟಕ್ಕೆ ಕೆಳಗೆ ಬರತೊಡಗಿದರು. ಆದರೂ ಮಗುವನ್ನು ಮುಟ್ಟಲಿಲ್ಲ. ಕೈ ತೊಳೆಯುವುದು, ಮತ್ತೆ ತೊಳೆಯುವುದು. ತೊಳೆದೂ ತೊಳೆದೂ ಬೆರಳ ಗೆಣ್ಣುಗಳೆಲ್ಲ ಬಿರಿದು ರಕ್ತ ಜಿನುಗುತ್ತಿತ್ತು.

ನನ್ನ ಮಗಳು ಕಾವ್ಯ ಒಂದು ದಿನ ಅಡುಗೆಮನೆಯಲ್ಲಿ ಅತ್ತುಬಿಟ್ಟಳು. "ಅಮ್ಮಾ, ಅವರ ವಾರ್ಡಲ್ಲಿ ಒಬ್ಬರು ಅಜ್ಜ ಹೋಗ್ಬಿಟ್ರಂತೆ. ಮನೆಯವರನ್ನ ಒಳಗೆ ಬಿಡ್ಲಿಲ್ಲ. ಇವರೇ ಅವರ ಕೈ ಹಿಡ್ಕೊಂಡು, ಇನ್ನೊಂದು ಕೈಲಿ ಫೋನ್ ಹಿಡಿದು ಮಕ್ಕಳಿಗೆ ತೋರಿಸಿದ್ರಂತೆ. ಅವತ್ತಿಂದ ಹೀಗೇ. 'ಈ ಕೈಲಿ ಪಾಪುನ ಹೇಗೆ ಎತ್ಕೊಳ್ಲಿ' ಅಂತಾರೆ."

ನಮ್ಮಲ್ಲಿ ಅಳಿಯನ ಜೊತೆ ಅತ್ತೆಗೆ ಅಷ್ಟು ಸಲಿಗೆ ಇರುವುದಿಲ್ಲ. ನಾನು ಅವರಿಗೆ 'ನೀವು' ಎನ್ನುವವಳು, ಅವರು ನನ್ನೆದುರು ಕಾಲು ಮೇಲೆ ಕಾಲು ಹಾಕಿ ಕೂತವರಲ್ಲ. "ಊಟ ಆಯ್ತಾ?" "ಆಯ್ತು ಅತ್ತೆ." ಇಷ್ಟೇ ನಮ್ಮ ಮಾತು.

ಬೇಸ್‌ಬಾಲ್ ನಮ್ಮ ಮನೆಗೆ ಬಂದದ್ದು ಸಾಂಬ್ರಾಣಿಯ ದೆಸೆಯಿಂದ. ಮಗುವಿಗೆ ಎಣ್ಣೆ ನೀರು ಹಾಕಿದ ಮೇಲೆ ತಲೆಗೆ ಸಾಂಬ್ರಾಣಿ ಹೊಗೆ ಹಿಡಿಯದಿದ್ದರೆ ನನಗೆ ಸಮಾಧಾನವಿಲ್ಲ. ಮನೆಯೊಳಗೆ ಹೊಗೆ ಹಾಕಿದರೆ ಚಾವಣಿಯ ಸ್ಮೋಕ್ ಅಲಾರ್ಮ್ ಬೀದಿಗೆಲ್ಲ ಕೇಳುವಂತೆ ಕಿರುಚುತ್ತಿತ್ತು. ಹಾಗಾಗಿ ಕೆಂಡದ ಬಾಣಲೆಯನ್ನು ಹಿತ್ತಲಿನ ಮರದ ಶೆಡ್ಡಿಗೆ ಸಾಗಿಸಿದೆ. ಹಿತ್ತಲ ಗಿಡ್ಡ ಗೋಡೆಯಾಚೆ ದೊಡ್ಡ ಹುಲ್ಲಿನ ಮೈದಾನ. ಜೂನ್ ಕೊನೆಯ ಒಂದು ಸಂಜೆ ಶೆಡ್ಡಿನಿಂದ ಹೊಗೆ ಚೆನ್ನಾಗಿಯೇ ಏಳುತ್ತಿತ್ತು. ಇದ್ದಕ್ಕಿದ್ದಂತೆ ಹಸಿರು ಟೋಪಿ ಹಾಕಿದ ಒಬ್ಬ ದಢೂತಿ ಮನುಷ್ಯ "ಫೈರ್! ಫೈರ್!" ಎಂದು ಕೂಗುತ್ತಾ ಗೋಡೆ ದಾಟಿ ಬಂದವನೇ ನನ್ನ ಕೆಂಡದ ಮೇಲೆ ಅಲ್ಲೇ ಇದ್ದ ಒಂದು ಬಕೆಟ್ ನೀರು ಸುರಿದ. ಚುಯ್ ಎಂದಿತು. ನಾನು ಮಗು ಎತ್ತಿಕೊಂಡು ನಿಂತಿದ್ದೆ, ಕೋಪದಲ್ಲಿ ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಅಚ್ಚ ಕನ್ನಡದಲ್ಲಿ ಅಂದದ್ದರಿಂದ ಬಚಾವ್.

ಆತನ ಹೆಸರು ಡೆಕ್ಲನ್, ಬಸ್ ಡ್ರೈವರ್. ಮೈದಾನದಲ್ಲಿ ಪ್ರಾಕ್ಟೀಸ್ ಮಾಡುತ್ತಿದ್ದ ಬೇಸ್‌ಬಾಲ್ ತಂಡದ ಕ್ಯಾಪ್ಟನ್. ಮಗುವಿನ ಕೂದಲು ಒಣಗಿಸಲು ಹಾಕಿದ ಹೊಗೆ ಎಂದು ಕಾವ್ಯ ಬಿಡಿಸಿ ಹೇಳಿದಾಗ ಪಾಪ, ಕೆಂಪಗಾಗಿ ಹೋದ. ಮಾರನೇ ದಿನ ನೋಡಿದರೆ ಗೋಡೆಯ ಮೇಲೆ ಒಂದು ಚೀಲ ಇದ್ದಿಲು ಇಟ್ಟು ಹೋಗಿದ್ದ. ನನಗೆ ಅಲ್ಲೇ ಮನಸ್ಸು ಕರಗಿತು. ಅಂದಿನಿಂದ ಮಗುವನ್ನು ಹೆಗಲಿಗೆ ಹಾಕಿಕೊಂಡು ಗೋಡೆ ಪಕ್ಕ ನಿಂತು ಅವರ ಆಟ ನೋಡುವುದು ನನ್ನ ಸಂಜೆಯ ಕೆಲಸವಾಯಿತು. ಚೆಂಡಿಗೆ ಬ್ಯಾಟ್ ತಗುಲಿದ ಸದ್ದಿಗೆ ಮಗು ಅಳು ನಿಲ್ಲಿಸುತ್ತಿತ್ತು, ಬೇಕಾದರೆ ಕಾವ್ಯಳನ್ನು ಕೇಳಿ.

ಆಟ ಕಲಿಯಲು ನನಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ನಾಲ್ಕು ಮೂಲೆಗೆ ನಾಲ್ಕು ಬೇಸ್. ಚೆಂಡು ಹೊಡೆದು, ಬ್ಯಾಟನ್ನು ಅಲ್ಲೇ ಬಿಸಾಕಿ ಓಡಬೇಕು. ಚೆಂಡು ಬರುವ ಮೊದಲು ಕಾಲೋ ಕೈಯೋ ಬೇಸಿಗೆ ಮುಟ್ಟಬೇಕು, ಬ್ಯಾಟ್ ಮುಟ್ಟಿಸಿದರೆ ಲೆಕ್ಕಕ್ಕಿಲ್ಲ. ಮೂರೂ ಬೇಸ್ ಸುತ್ತಿಕೊಂಡು ಹೊರಟಲ್ಲಿಗೇ ಬಂದು ಸೇರಿದರೆ ಒಂದು ರನ್. ಆ ಹೊರಟ ಜಾಗಕ್ಕೆ ಹೋಮ್ ಅನ್ನುತ್ತಾರೆ ಎಂದು ಡೆಕ್ಲನ್ ಹೇಳಿದಾಗ ನನಗೆ ಮೈಸೂರು ನೆನಪಾಯಿತು.

ತಂಡದ ಬಗ್ಗೆ ಹೇಳದಿದ್ದರೆ ನನಗೆ ತಡೆಯದು. ಆ ಹಸಿರು ಟೋಪಿಯವರಷ್ಟು ಕೆಟ್ಟದಾಗಿ ಆಡುವವರನ್ನು ನನ್ನ ಸರ್ವೀಸಿನಲ್ಲೇ ನೋಡಿರಲಿಲ್ಲ. ಡೆಕ್ಲನ್‌ಗೆ ಮಂಡಿನೋವು, ಕೂತರೆ ಏಳಲಾರ. ಚೆಂಡೆಸೆಯುವ ಈಫಾ ಎಂಬ ಕಾಲೇಜು ಹುಡುಗಿ ಮಾತ್ರ ಅಪ್ಪಟ ಚಿನ್ನ. ಎಡಗೈಯಿಂದ ಎಸೆದರೆ ಚೆಂಡು ಕಣ್ಣಿಗೆ ಕಾಣುತ್ತಿರಲಿಲ್ಲ. ಆದರೆ ಅವಳೊಬ್ಬಳು ಎಷ್ಟು ಅಂತ ಹೊರುತ್ತಾಳೆ? ಸೋಲುತ್ತಿದ್ದರು. ಸೋತು, ಕೈಕುಲುಕುವಂತಿಲ್ಲವಲ್ಲ, ಎದುರು ತಂಡಕ್ಕೆ ಟೋಪಿ ತೆಗೆದು ನಮಸ್ಕಾರ ಮಾಡುತ್ತಿದ್ದರು. ಆಮೇಲೆ ದೂರ ದೂರ ಹುಲ್ಲಲ್ಲಿ ಕೂತು, ಅವತ್ತಿನ ಆಟದಲ್ಲಿ ಅತಿ ದೊಡ್ಡ ಎಡವಟ್ಟು ಯಾರದ್ದು ಎಂದು ವೋಟ್ ಹಾಕುತ್ತಿದ್ದರು. ಗೆದ್ದವರಿಗೆ ಬಹುಮಾನ ಒಂದು ನೆಗ್ಗಿದ ಟೀಪಾಟ್. ಡೆಕ್ಲನ್ನನ ಅಜ್ಜಿಯದಂತೆ. ಒಂದು ವಾರ ಅವರ ಮನೆಯಲ್ಲಿರಬೇಕು, ಅದರಲ್ಲೇ ಟೀ ಕುಡಿಯಬೇಕು. ಎಡವಿದವರನ್ನು ಬೈಯುವವರಿಲ್ಲ, ಮೂತಿ ಉಬ್ಬಿಸುವವರಿಲ್ಲ. ಇಡೀ ಜೀವಮಾನ ಹುಡುಗಿಯರನ್ನು ಗೆಲ್ಲಿ ಗೆಲ್ಲಿ ಎಂದು ಗದರಿದ ನನಗೆ ಇದು ಹೊಸದು. ಅವರ ಮೇಲೆ ಪ್ರೀತಿ ಬಂತು, ಗೌರವವೂ ಬಂತು.

ಜುಲೈಯಲ್ಲಿ ಒಂದು ದಿನ ಡೆಕ್ಲನ್ ಗೋಡೆ ಹತ್ತಿರ ಬಂದ. ಭಾನುವಾರ ಮ್ಯಾಚು. ಒಬ್ಬ ಆಟಗಾರ ಸ್ಪೇನಿಗೆ ವಾಪಸ್ ಹೋಗಿದ್ದಾನೆ, ಇನ್ನೊಬ್ಬ ಕ್ವಾರಂಟೈನಿನಲ್ಲಿದ್ದಾನೆ. ಒಂಬತ್ತು ಜನ ಇಲ್ಲದಿದ್ದರೆ ಆಡದೆಯೇ ಸೋತಂತೆ. "ನಿಮ್ಮ ಮನೇಲಿ ಯಾರಾದ್ರೂ ಆಡ್ತಾರಾ, ಮಿಸೆಸ್?"

ನಾನು ಒಂದು ಕ್ಷಣವೂ ಯೋಚಿಸಲಿಲ್ಲ. "ನನ್ನ ಅಳಿಯ ಆಡ್ತಾರೆ. ಕಾಲೇಜಲ್ಲಿ ಓಪನಿಂಗ್ ಬ್ಯಾಟ್ಸ್‌ಮನ್" ಎಂದುಬಿಟ್ಟೆ.

ರಾತ್ರಿ ಊಟಕ್ಕೆ ಬಡಿಸುತ್ತಾ ಹೇಳಿದೆ, "ನೋಡಿ, ಅವರಿಗೆ ಮಾತು ಕೊಟ್ಟಿದೀನಿ. ನನ್ನ ಮರ್ಯಾದೆ ಪ್ರಶ್ನೆ."

"ಅತ್ತೆ, ನನಗೆ ಬೇಸ್‌ಬಾಲ್ ಗೊತ್ತೇ ಇಲ್ಲ..."

"ನಿಮಗೆ ಗೊತ್ತಿಲ್ದೇ ಇದ್ರೆ ಏನಂತೆ, ಅವರಿಗೂ ಗೊತ್ತಿಲ್ಲ. ಸಾರು ಹಾಕ್ಲಾ?"

ಕಾವ್ಯ ಹೇಳಿದ್ದರೆ ಖಂಡಿತ ಆಗಲ್ಲ ಎನ್ನುತ್ತಿದ್ದರು. ಅತ್ತೆಯ ಮಾತಿಗೆ ಎದುರಾಡುವುದು ಹೇಗೆ? ತಲೆ ತಗ್ಗಿಸಿ "ಆಯ್ತು" ಎಂದರು. ಅದನ್ನು ನಂಬಿಕೊಂಡೇ ನಾನು ಮಾತು ಕೊಟ್ಟದ್ದು. ಎರಡು ಸಂಜೆ ಪ್ರಾಕ್ಟೀಸಿಗೂ ಹೋದರು. ಹೊಡೆದ ಮೇಲೆ ಬ್ಯಾಟ್ ಬಿಸಾಕಬೇಕು ಎಂದು ಈಫಾ ಹೇಳಿಕೊಟ್ಟಳು, ಹಾಗೇ ಮಾಡಿದರು. ಆದರೆ ನಗುವಿಲ್ಲ, ಮಾತಿಲ್ಲ. ಮನೆಗೆ ಬಂದರೆ ಮತ್ತೆ ನಲ್ಲಿ ಮುಂದೆ ನಿಂತುಬಿಡುತ್ತಿದ್ದರು.

ಭಾನುವಾರ ಮಧ್ಯಾಹ್ನ ಬಿಸಿಲಿತ್ತು. ನಾನು ಮಗುವನ್ನು ಎತ್ತಿಕೊಂಡು ಗೋಡೆ ಬಳಿ ನಿಂತೆ, ಕಾವ್ಯ ಪಕ್ಕದಲ್ಲಿ. ಅವತ್ತು ಏನಾಯಿತೋ, ನಮ್ಮವರು ಎಂದೂ ಇಲ್ಲದ ಹಾಗೆ ಆಡಿದರು. ಕೊನೆಯ ಸರದಿಗೆ ಬಂದಾಗ ಒಂದೇ ಒಂದು ರನ್ ಹಿಂದಿದ್ದರು. ಇಬ್ಬರು ಔಟಾಗಿದ್ದರು, ಮೂರನೆಯವರು ಔಟಾದರೆ ಆಟ ಮುಗಿಯಿತು. ಈಫಾ ಮೂರನೇ ಬೇಸಿನಲ್ಲಿ ನಿಂತಿದ್ದಳು. ಬ್ಯಾಟು ಹಿಡಿದು ಬಂದದ್ದು ಗಿರೀಶ. ಅವರು ಹೊಡೆದು ಮೊದಲ ಬೇಸ್ ಮುಟ್ಟಿದರೆ ಸಾಕು, ಈಫಾ ಹೋಮ್ ಸೇರಿ ಸ್ಕೋರು ಸಮ ಮಾಡುತ್ತಾಳೆ.

ಹೊಡೆದರು! ಚೆಂಡು ನೆಲಕ್ಕೆ ಬಡಿದು ಓಡಿತು. ಎದುರು ತಂಡದವನು ಹಿಡಿಯಲು ಹೋಗಿ ಒಮ್ಮೆ ಕೈತಪ್ಪಿಸಿದ. ಈಫಾ ಹೋಮಿನತ್ತ ನುಗ್ಗಿದಳು. ಗಿರೀಶ ಓಡುತ್ತಿದ್ದಾರೆ, ಆದರೆ ಬ್ಯಾಟ್ ಕೈಯಲ್ಲೇ ಇದೆ! "ಡ್ರಾಪ್ ಇಟ್! ಡ್ರಾಪ್ ಇಟ್!" ಎಂದು ತಂಡಕ್ಕೆ ತಂಡವೇ ಕೂಗುತ್ತಿದೆ. ನನ್ನ ಮನಸ್ಸು ಆ ಹೊತ್ತಿನಲ್ಲಿ ಗಾಲ್ವೇಯಲ್ಲಿ ಇರಲಿಲ್ಲ, ನಮ್ಮೂರ ಕ್ರಿಕೆಟ್ ಮೈದಾನದಲ್ಲಿತ್ತು. ಅತ್ತೆ ಅಳಿಯ ಎಲ್ಲ ಮರೆತುಹೋಗಿತ್ತು. ಇದ್ದಬದ್ದ ಗಂಟಲೆಲ್ಲ ತೆಗೆದು, "ಓಡೋ ಗಿರೀಶಾ! ಬ್ಯಾಟ್ ಚಾಚೋ! ಚಾಚೋ ಬ್ಯಾಟು!" ಎಂದು ಕಿರುಚಿದೆ.

ಅಷ್ಟು ಜನ ಇಂಗ್ಲಿಷಿನಲ್ಲಿ ಕೂಗಿದ್ದು ಅವರ ಕಿವಿಗೆ ಬೀಳಲಿಲ್ಲ. ನನ್ನದು ಬಿತ್ತು. ಮೊದಲ ಬೇಸಿಗೆ ಇನ್ನೂ ಎರಡು ಹೆಜ್ಜೆ ಇರುವಾಗಲೇ ಬಗ್ಗಿ, ಕ್ರಿಕೆಟ್ಟಿನಲ್ಲಿ ಕ್ರೀಸ್ ಮುಟ್ಟಿಸುವಂತೆ ಬ್ಯಾಟನ್ನು ಬೇಸಿಗೆ ಮುಟ್ಟಿಸಿದರು. ಅಲ್ಲಿಗಾದರೂ ನಿಲ್ಲಬಾರದೆ? ಸರಕ್ಕನೆ ಹಿಂದೆ ತಿರುಗಿ ಎರಡನೇ ರನ್ನಿಗೆಂದು ವಾಪಸ್ ಓಡತೊಡಗಿದರು! ತಡೆಯಲೆಂದು ಕುಂಟುತ್ತಾ ಎದುರಿಗೆ ಬಂದ ಡೆಕ್ಲನ್‌ಗೆ "ಯೆಸ್! ಯೆಸ್! ಕಮ್!" ಎಂದು ಕೈ ಬೇರೆ ಬೀಸಿದರು. ಅಷ್ಟರಲ್ಲಿ ಚೆಂಡು ಬಂತು, ಬೇಸಿನವನು ಹಿಡಿದ, ಅಂಪೈರ್ ಔಟ್ ಎಂದ. ಆಟ ಮುಗಿಯಿತು.

ಗಿರೀಶ ಬ್ಯಾಟನ್ನೂ, ದೂರದ ಬೇಸನ್ನೂ ನೋಡಿದರು. ಆಮೇಲೆ ಅಲ್ಲೇ ಹುಲ್ಲಿನ ಮೇಲೆ ಕುಸಿದು ಕೂತು ಮುಖ ಮುಚ್ಚಿಕೊಂಡರು. ಭುಜ ಕುಲುಕುತ್ತಿತ್ತು. ಅಯ್ಯೋ ದೇವರೇ, ನೊಂದವನನ್ನು ಹತ್ತು ಜನರೆದುರು ನಿಲ್ಲಿಸಿ ಇನ್ನಷ್ಟು ನೋಯಿಸಿದೆನಲ್ಲ ಎಂದುಕೊಂಡೆ. ಕಾವ್ಯ ನನ್ನ ತೋಳು ಹಿಡಿದುಕೊಂಡಳು. ಗಿರೀಶ ಮುಖದಿಂದ ಕೈ ತೆಗೆದಾಗ ನೋಡಿದರೆ ನಗುತ್ತಿದ್ದರು. ಬಿದ್ದು ಬಿದ್ದು ನಗುತ್ತಿದ್ದರು. ನಗುತ್ತಾ ನಗುತ್ತಾ ಅದು ಯಾವಾಗ ಅಳುವಾಯಿತೋ ಗೊತ್ತಿಲ್ಲ, ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅತ್ತರು.

ಆಗ ಆ ತಂಡ ಮಾಡಿದ್ದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಹತ್ತಿರ ಹೋಗಿ ಬೆನ್ನು ಸವರುವ ಹಾಗಿರಲಿಲ್ಲ, ಕಾಲವೇ ಅಂಥದ್ದು. ಡೆಕ್ಲನ್ ಕುಂಟುತ್ತಾ ಬಂದು, ಅವರಿಂದ ಎರಡು ಮಾರು ದೂರದಲ್ಲಿ, ಆ ನೋಯುವ ಮಂಡಿ ಮಡಚಿ ನೆಲದ ಮೇಲೆ ಕೂತ. ಈಫಾ ಬಂದು ಇನ್ನೊಂದು ಕಡೆ ಕೂತಳು. ಒಬ್ಬೊಬ್ಬರಾಗಿ ಎಲ್ಲರೂ ಬಂದು ದೂರ ದೂರ ಸುತ್ತಲೂ ಕೂತರು. ಗೆದ್ದ ತಂಡದವರೂ ಕುಣಿಯುವುದು ಬಿಟ್ಟು ಬಂದು ಕೂತರು. ಒಬ್ಬ ಮನುಷ್ಯ ಅತ್ತು ಮುಗಿಸುವ ತನಕ ಅಷ್ಟೂ ಜನ ಸುಮ್ಮನೆ ಜೊತೆಗಿದ್ದರು.

ಕೊನೆಗೆ ಡೆಕ್ಲನ್ ಕೆಮ್ಮಿದ. "ವೋಟ್ ಹಾಕೋದು ಬೇಕಾ?" ಎಂದ. ಎಲ್ಲರೂ ಗೊಳ್ಳೆಂದು ನಕ್ಕರು. ಈಫಾ ಟೀಪಾಟಿಗೆ ಸ್ಯಾನಿಟೈಸರ್ ಹೊಡೆದು ಗಿರೀಶನ ಮುಂದೆ ಇಟ್ಟಳು. "ಯೂ ಆರ್ ಗ್ರ್ಯಾಂಡ್, ಡಾಕ್ಟರ್" ಎಂದಳು. ಗ್ರ್ಯಾಂಡ್ ಅಂದರೆ ಆ ಊರಿನಲ್ಲಿ 'ಪರವಾಗಿಲ್ಲ, ಎಲ್ಲ ಸರಿ' ಎಂದಷ್ಟೇ ಅರ್ಥ.

ಅವರು ಟೀಪಾಟ್ ಹಿಡಿದು ನೇರ ಗೋಡೆಯ ಬಳಿ ಬಂದರು. ಕಣ್ಣು ಕೆಂಪು, ಮೊಣಕೈ ತನಕ ಮಣ್ಣು. ಟೀಪಾಟನ್ನು ಗೋಡೆಯ ಮೇಲಿಟ್ಟು ಮಗುವನ್ನೇ ನೋಡಿದರು. ಕೈ ಅರ್ಧ ಮುಂದೆ ಬಂದು ನಿಂತಿತು.

"ಅತ್ತೆ... ಕೈಯೆಲ್ಲ ಕೊಳೆ. ತೊಳ್ಕೊಂಡು ಬರ್ತೀನಿ."

ಒಳಗೆ ಹೋದರೆ ಮತ್ತೆ ಆ ನಲ್ಲಿಯ ಮುಂದೆ ನಿಲ್ಲುತ್ತಾರೆ, ಹೊರಗೆ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಎಣ್ಣೆ ನೀರು ಹಾಕಿ, ಸಾಂಬ್ರಾಣಿ ಹಿಡಿದು, ಹತ್ತಿಯಂತೆ ಜೋಪಾನ ಮಾಡಿದ ಕೂಸು. ಅದನ್ನು ಗೋಡೆಯ ಮೇಲಿನಿಂದ ಅವರತ್ತ ಚಾಚಿದೆ.

"ತೊಳೀಬೇಡ. ತಗೋ" ಎಂದೆ.

ತಗೊಂಡರು. ಮಗು ಅವರ ಮುಖವನ್ನು ಒಂದು ಗಳಿಗೆ ನೋಡಿ, ಕೊರಳಿಗೆ ಮುಖ ಒತ್ತಿಕೊಂಡಿತು. ಅದರ ಬಿಳಿ ಅಂಗಿಯ ಬೆನ್ನ ಮೇಲೆ ಐದು ಬೆರಳಿನ ಮಣ್ಣು ಮೂಡಿತು. ಕಾವ್ಯ ಆ ಅಂಗಿಯನ್ನು ಒಗೆಯದೆ ಎತ್ತಿಟ್ಟಿದ್ದಾಳೆ.

ರಾತ್ರಿ ನನಗೆ ಏಕವಚನದಲ್ಲಿ ಕೂಗಿದ್ದು ನೆನಪಾಗಿ ನಾಚಿಕೆಯಾಯಿತು. "ತಪ್ಪು ತಿಳ್ಕೋಬೇಡಿ, ಬಾಯಿ ತಪ್ಪಿ ಬಂತು" ಎಂದೆ. "ಬೇಡ ಅತ್ತೆ, ಹಾಗೇ ಕರೀರಿ. ಅಮ್ಮ ಕರೆದ ಹಾಗಾಯ್ತು" ಎಂದ. ಆಮೇಲೆ ನಾನು ಅವನನ್ನು ನೀವು ಎಂದಿಲ್ಲ.

ಮರುವರ್ಷ ಹೇಗೋ ವಿಮಾನ ಸಿಕ್ಕು ಮೈಸೂರಿಗೆ ಬಂದೆ. ಇಲ್ಲಿ ಕ್ರಿಕೆಟ್ ಸೀಸನ್ ಬಂದರೆ ಪಕ್ಕದ ಮನೆಯವರು ನಿಮ್ಮದು ಯಾವ ಟೀಮು ಎನ್ನುತ್ತಾರೆ. ನನ್ನದು ಹಸಿರು ಟೋಪಿ ಎಂದರೆ ಅರ್ಥವಾಗದೆ ನಗುತ್ತಾರೆ. ಗಿರೀಶ ಈಗಲೂ ಆಡುತ್ತಾನೆ. ಭಾನುವಾರ ಫೋನು ಬಂದರೆ ಮೊಮ್ಮಗಳೇ ಮೊದಲು, "ಅಜ್ಜಿ, ವಿ ಲಾಸ್ಟ್ ಅಗೇನ್, ಇಟ್ಸ್ ಗ್ರ್ಯಾಂಡ್!" ಎಂದು ಆ ಊರಿನ ರಾಗದಲ್ಲಿ ಕೂಗುತ್ತಾಳೆ. ಸೋಲು ಗೆಲುವು ನನಗೆ ಬೇಡ. ಅವಳಪ್ಪನನ್ನು ಕರೆಸಿ ನಾನು ಕೇಳುವುದು ಒಂದೇ, "ಈ ವಾರ ಟೀಪಾಟ್ ಯಾರ ಮನೇಲಿದೆಯೋ?"

"ನಮ್ಮನೇಲೇ ಅತ್ತೆ" ಎಂದು ಅವನು ನಕ್ಕರೆ, ಅವತ್ತು ನನಗೆ ನೆಮ್ಮದಿಯ ನಿದ್ದೆ.